ನನ್ನ ಹೆಸರಿನ ಮೂಳೆಗಳು

ಫೆಬ್ರವರಿ ೩, ಮಂಗಳವಾರ

ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಅರ್ಧ ಖಾಲಿ ಉಳಿದ ಒಂದು ರಿಜಿಸ್ಟರ್ ಸಿಕ್ಕಿತು. ಎಡಗಡೆ ‘ಬಂದ ಹಾಸು’, ಬಲಗಡೆ ‘ಹೋದ ಹಾಸು’ ಎಂದು ಗೆರೆ ಹಾಕಿದೆ. ಗೆರೆ ಲೆಕ್ಕಿಸದೆ ಬರೆಯುತ್ತಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ. ಮಾತಾಡಿದರೆ ಅಳು ಬರುತ್ತದೆ, ಬರೆದರೆ ಬರುವುದಿಲ್ಲ, ಅಷ್ಟೆ.

ಅಕ್ಕ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡು ಇವತ್ತಿಗೆ ಇಪ್ಪತ್ತಮೂರು ದಿನ.

ಅವಳ ಮಗಳು ಗುಬ್ಬಿ ನನ್ನ ಕೋಣೆಯಲ್ಲಿದ್ದಾಳೆ. ಒಂಬತ್ತು ವರ್ಷ. ಮಲಗುವಾಗಲೂ ಶೂ ಬಿಚ್ಚುವುದಿಲ್ಲ. ನಾನೂ ಬಿಚ್ಚು ಅನ್ನುವುದಿಲ್ಲ. ಅವತ್ತು ಪೊಲೀಸರು ಅವಳನ್ನು ಏನೋ ಕೇಳಲು ಬಗ್ಗಿದಾಗ ಭಾವ, “ಮಗು ನಿದ್ದೆ ಮಾಡ್ತಿತ್ತು ಸರ್, ಏನೂ ನೋಡಿಲ್ಲ” ಎಂದರು. ಗುಬ್ಬಿ ತಲೆಯಾಡಿಸಿದಳು. ಅವತ್ತಿನಿಂದ ಆ ದಿನದ ಬಗ್ಗೆ ಒಂದು ಮಾತೂ ಆಡಿಲ್ಲ.

ಇವತ್ತು ಕೌಟುಂಬಿಕ ನ್ಯಾಯಾಲಯದಿಂದ ನೋಟೀಸು ಬಂತು. ಭಾವ ಮಗಳನ್ನು ವಾಪಸು ಕೇಳಿದ್ದಾರೆ. ವಿಚಾರಣೆ ಮಾರ್ಚ್ ೧೨ಕ್ಕೆ. ಊಟದ ಬಿಡುವಿನಲ್ಲಿ ವಕೀಲರೊಬ್ಬರನ್ನು ನೋಡಿ ಬಂದೆ. ಚುರುಕಾದ ಹೆಂಗಸು. “ಅಪ್ಪ ಇದ್ದಾಗ ಚಿಕ್ಕಮ್ಮನ ಹತ್ರ ಯಾಕೆ ಬಿಡಬೇಕು ಅಂತ ಕೇಳ್ತಾರೆ. ಏನು ತೋರಿಸ್ತೀರಾ?” ಎಂದರು. ಆಮೇಲೆ ಶುಲ್ಕ ನಲವತ್ತು ಸಾವಿರ ಎಂದರು.

ತೋರಿಸಲು ಏನೂ ಇಲ್ಲ. ನಲವತ್ತು ಸಾವಿರವೂ ಇಲ್ಲ.

ಫೆಬ್ರವರಿ ೭, ಶನಿವಾರ

ಲಾಂಡ್ರಿಯಲ್ಲಿ ನನ್ನ ಜೊತೆ ಹಾಸುಗಳನ್ನು ಮಡಚುವವಳಿಗೆ ಎಲ್ಲರೂ ಮೈಕ್ ಅನ್ನುತ್ತೇವೆ. ಅವಳು ಗುಟ್ಟು ಹೇಳಿದರೂ ಗೇಟಿನವರೆಗೆ ಕೇಳಿಸುತ್ತದೆ. ಅವಳೇ ಕಳಿಸಿದಳು. ಗ್ರಂಥಾಲಯದ ಹಜಾರದಲ್ಲಿ ಪ್ರತಿ ಶನಿವಾರ ಒಬ್ಬರು ಕೂರುತ್ತಾರೆ, ತೆರಿಗೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿದ್ದವರು. ನಮ್ಮಂಥವರ ತೆರಿಗೆ ಪತ್ರಗಳನ್ನು ಬಿಟ್ಟಿಯಾಗಿ ತುಂಬಿಕೊಡುತ್ತಾರೆ.

“ಯಾವತ್ತಾದರೂ ತೆರಿಗೆ ವಿನಾಯಿತಿ ಕೇಳಿದ್ದೀರಾ?”

“ಇಲ್ಲ ಸರ್. ತೆರಿಗೆ ಸಂಬಳದಲ್ಲೇ ಹಿಡ್ಕೋತಾರಲ್ಲ.”

“ಹಿಡ್ಕೊಳ್ಳೋಕೆ ಅವರಿಗೆ ನಿಮ್ಮ ಒಪ್ಪಿಗೆ ಬೇಡ. ವಾಪಸ್ ಬೇಕಾದ್ರೆ ಮಾತ್ರ ನೀವು ಬಾಯಿಬಿಟ್ಟು ಕೇಳಬೇಕು. ‘ಅಮ್ಮಾ, ನಿಮಗೆ ಹಲ್ಲುನೋವು ಬಂದಿತ್ತಂತೆ, ತಗೊಳ್ಳಿ ದುಡ್ಡು’ ಅಂತ ಇಲಾಖೆ ಮನೆ ಬಾಗಿಲಿಗೆ ಬರಲ್ಲ. ನಾನೇ ಒಳಗಿದ್ದವನು, ಒಂದು ದಿನಾನೂ ಯಾರ ಮನೆಗೂ ಹೋಗಿಲ್ಲ.”

ಹಿಂದಿದ್ದವರೆಲ್ಲ ನಕ್ಕರು. ಅವರು ಬೆರಳು ಮಡಚುತ್ತ ಹೇಳುತ್ತಾ ಹೋದರು. ಬೆಳಗಿನ ಲಾಂಡ್ರಿಯಿಂದ ಸಂಜೆ ಶಾಲೆ ಗುಡಿಸುವ ಕೆಲಸಕ್ಕೆ ಹೋಗುವ ಬಸ್ ಚಾರ್ಜು ಲೆಕ್ಕಕ್ಕೆ ಬರುತ್ತದಂತೆ. ಲಾಂಡ್ರಿಯವರು ಹಾಕಲೇಬೇಕು ಎನ್ನುವ ರಬ್ಬರ್ ಶೂ, ಸಂಘದ ಚಂದಾ, ಸಮವಸ್ತ್ರ ಒಗೆಯುವ ಸೋಪು ಕೂಡ. ಹನ್ನೆರಡು ವರ್ಷದಿಂದ ದುಡಿಯುತ್ತಿದ್ದೇನೆ, ಇದೊಂದೂ ಗೊತ್ತಿರಲಿಲ್ಲ.

“ಜನ ಜಾಸ್ತಿ ಬಿಟ್ಟುಬಿಡೋದು ಆಸ್ಪತ್ರೆ ಖರ್ಚು. ಕೈಯಿಂದ ಕಟ್ಟಿದ್ದಕ್ಕೆ ರಸೀದಿ ಇದ್ರೆ ಆರು ವರ್ಷ ಹಿಂದಿನದೂ ಕೇಳಬಹುದು. ಇದೆಯಾ?”

“ಇದೆ” ಎಂದೆ. ಬಾಯಿಂದ ಹೊರಟೇಹೋಯಿತು.

“ತಿಂಗಳ ಪ್ರಕಾರ ಜೋಡಿಸಿ ತನ್ನಿ. ಪಿನ್ ಹೊಡೀಬೇಡಿ, ಕ್ಲಿಪ್ ಹಾಕಿ.”

ಫೆಬ್ರವರಿ ೮, ಭಾನುವಾರ

ಗುಬ್ಬಿ ಪಕ್ಕದ ಮನೆಯ ಹುಡುಗಿಯರ ಜೊತೆ ಮೆಟ್ಟಿಲ ಬಳಿ ಆಡುತ್ತಿದ್ದಾಗ ಕೂತು ಜೋಡಿಸಿದೆ. ಮೂವತ್ತೊಂದು ರಸೀದಿ. ಎಲ್ಲದರ ಮೇಲೂ ನನ್ನ ಹೆಸರು. ಮೈ ಮಾತ್ರ ಅಕ್ಕನದು.

ಆರು ವರ್ಷದ ಹಿಂದೆ ಮೊದಲ ಸಲ ಅಕ್ಕ ಆಸ್ಪತ್ರೆಯಲ್ಲಿ ತನ್ನದೇ ಹೆಸರು ಕೊಟ್ಟಿದ್ದಳು. ನರ್ಸೊಬ್ಬಳಿಗೆ ಅನುಮಾನ ಬಂದು, ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಕಾಗದ ಹಾಕಿದಳು. ಕಾಗದ ಭಾವನ ಕೈಗೆ ಸಿಕ್ಕಿತು. ಅದನ್ನು ಉಂಡೆ ಮಾಡಿ ಅಕ್ಕನ ಬಾಯಿಗೆ ತುರುಕಿ, ನುಂಗುವವರೆಗೆ ಮೂಗು ಹಿಡಿದಿದ್ದರು. ಇನ್ನು ಮೇಲೆ ಯಾವ ಆಸ್ಪತ್ರೆಯಲ್ಲೂ ನಿನ್ನ ಹೆಸರು ಕಾಣಬಾರದು ಎಂದರಂತೆ.

ಲಾಂಡ್ರಿಯವರು ನನಗೆ ಆಸ್ಪತ್ರೆ ಕಾರ್ಡು ಕೊಟ್ಟಿದ್ದರು. ಅರ್ಧ ಖರ್ಚು ಅವರದು, ಅರ್ಧ ನನ್ನದು, ಆದರೆ ನನ್ನೊಬ್ಬಳಿಗೇ. “ನಿನ್ನ ಕಾರ್ಡು ಕೊಡೇ. ಇಬ್ಬರೂ ಒಂದೇ ಥರ ಇದ್ದೀವಿ, ನಮ್ಮಮ್ಮನೇ ಎಷ್ಟೋ ಸಲ ತಪ್ಪು ಕರೀತಿದ್ಲು” ಎಂದಳು ಅಕ್ಕ. ತುಟಿ ಸೀಳಿ ಊದಿಕೊಂಡಿತ್ತು, ಆದರೂ ನಗಲು ನೋಡಿದಳು. ಕೊಟ್ಟೆ.

ಬಲಕಿವಿ, ಪರದೆ ಹರಿದಿದೆ. ಅನ್ನ ಮುದ್ದೆಯಾಗಿತ್ತು ಎಂದು ಅಂಗೈಯಿಂದ ಬಾರಿಸಿದ್ದು. ಎರಡು ಪಕ್ಕೆಲುಬು. ಫೋನಿನಲ್ಲಿ ಯಾರ ಜೊತೆ ನಗುತ್ತಿದ್ದೆ ಎಂದು ಒದ್ದದ್ದು. ನನ್ನ ಜೊತೆಯೇ ನಗುತ್ತಿದ್ದಳು. ಎಡ ಮಣಿಕಟ್ಟು, ಲೋಹದ ಪಟ್ಟಿ, ಐದು ಸ್ಕ್ರೂ. ಬಾಗಿಲ ಸಂದಿಯಲ್ಲಿ ಕೈ ಇಟ್ಟು ಬಾಗಿಲು ತಳ್ಳಿದ್ದು. ದವಡೆ, ತಂತಿ ಕಟ್ಟಿದ್ದು. ನಲವತ್ತು ದಿನ ಸ್ಟ್ರಾ ಹಾಕಿ ಗಂಜಿ ಕುಡಿದಳು. ಪ್ರತಿ ಸಲವೂ ‘ಬಿದ್ದೆ’ ಎಂದು ಬರೆಸಿದ್ದಾಳೆ.

ಗುಮಾಸ್ತರು ಹೇಳಿದ ಹಾಗೆ ತಿಂಗಳ ಪ್ರಕಾರ ಜೋಡಿಸಿದೆ. ಮೊದಮೊದಲು ಒಂದಕ್ಕೂ ಇನ್ನೊಂದಕ್ಕೂ ನಡುವೆ ಏಳೆಂಟು ತಿಂಗಳಿದೆ. ಕಳೆದ ವರ್ಷ ಒಂದೊಂದು ತಿಂಗಳಿಗೂ ಕ್ಲಿಪ್ ಬೇಕಾಯಿತು. ಕ್ಲಿಪ್ ಸಾಲದೆ ಬಟ್ಟೆಗೆ ಹಾಕುವುದನ್ನು ಹಾಕಿದೆ.

ಫೆಬ್ರವರಿ ೧೨, ಗುರುವಾರ

ಭಾವನಿಗೆ ಬೀಗದ ಅಂಗಡಿ ಇದೆ. ಸಂಜೆ ನಾವು ಬಂದಾಗ ಬಾಗಿಲಿಗೆ ಹಾಕಿದ್ದ ಬೀಗ ಇರಲಿಲ್ಲ. ಒಳಗೆ ಮಂಚದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಬೀಗ ಅವರ ಅಂಗೈಯಲ್ಲಿತ್ತು.

“ಏನೇ ಇದು, ಮಕ್ಕಳು ಆಡೋ ಬೀಗ. ಅಂಗಡಿಗೆ ಬಾ, ನಾದಿನಿ ಅಂತ ರಿಯಾಯ್ತಿ ಕೊಡ್ತೀನಿ.”

ಗುಬ್ಬಿ ಮೇಜಿನ ಕೆಳಗೆ ಹೋದಳು. ಯಾರೂ ಹೇಳದೆ, ಸದ್ದೂ ಮಾಡದೆ. ಎಷ್ಟು ಸಲ ಹೀಗೆ ಹೋಗಿರಬೇಕು.

“ಕೋರ್ಟು ಗೀರ್ಟು ಅಂತ ಓಡಾಡ್ತಿದ್ದೀಯಂತೆ. ನನ್ನ ತೆರಿಗೆ ಪತ್ರದಲ್ಲಿ ಅವಲಂಬಿತಳು ಅಂತ ಬರೆದಿದ್ದೀನಿ ಅವಳನ್ನ. ಸರ್ಕಾರದ ಕಾಗದದಲ್ಲಿ ಅವಳು ನನ್ನ ವಸ್ತು. ನಿಮ್ಮಕ್ಕ ಆರು ವರ್ಷದಲ್ಲಿ ಒಂದು ದಿನ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ. ಬೇಕಾದ್ರೆ ಹುಡುಕಿಸು. ಅಷ್ಟು ಚೆನ್ನಾಗಿ ನೋಡ್ಕೊಂಡಿದ್ದೆ.”

ಹೇಳಿ ನಕ್ಕರು. ಎದ್ದು ಬೀಗವನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಪಕ್ಕೆಗೆ ಒಂದೇ ಒಂದು ಸಲ ಹೊಡೆದರು. ಉಸಿರು ಕಟ್ಟಿತು, ಮೊಣಕಾಲೂರಿ ಕೂತೆ. ಕಣ್ಣ ಮುಂದೆ ಅವರ ಬೂಟಿತ್ತು. ಚೆನ್ನಾಗಿ ಪಾಲಿಶ್ ಹಾಕಿತ್ತು.

ಹೋಗುವಾಗ ಬೀಗವನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಹೋದ.

ಫೆಬ್ರವರಿ ೧೪, ಶನಿವಾರ

ಗುಮಾಸ್ತರು ಮೂವತ್ತೊಂದು ರಸೀದಿಯನ್ನೂ ಓದಿದರು. ಅರ್ಧದವರೆಗೆ ಕೂಡುತ್ತಾ ಬಂದವರು ಆಮೇಲೆ ಕೂಡುವುದನ್ನು ಬಿಟ್ಟರು. ಕನ್ನಡಕ ತೆಗೆದರು. ಹಿಂದಿನವರಿಗೆ ಕೇಳದ ಹಾಗೆ ಬಗ್ಗಿ, “ತಾಯೀ, ನಿಮಗೆ ಹೊಡೆಯೋರು ಯಾರು?” ಎಂದರು.

ನನಗೆ ಮದುವೆಯಾಗಿಲ್ಲ. ಇಡೀ ಜನ್ಮದಲ್ಲಿ ಮೂಳೆ ಮುರಿದಿಲ್ಲ. ಆದರೂ ‘ಬಿದ್ದೆ’ ಎಂದು ನಾಲಿಗೆಯ ತುದಿಗೆ ಬಂದಿತ್ತು.

ಹೇಳಿದೆ. ಅಕ್ಕನ ವಿಷಯ, ಕಾರ್ಡಿನ ವಿಷಯ, ಎಲ್ಲ.

ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಕಾಗದದ ಪ್ರಕಾರ ರೋಗಿ ನೀವು, ದುಡ್ಡು ಕಟ್ಟಿದ್ದೂ ನೀವು. ನಾನು ಕೇಳದೇ ಇದ್ದಿದ್ರೆ ನಲವತ್ತೆಂಟು ಸಾವಿರ ಬರೋದು. ಈಗ ಕೇಳಿಬಿಟ್ಟೆ. ನಾನು ಇದನ್ನ ತುಂಬಲ್ಲ, ತಪ್ಪು ತಿಳೀಬೇಡಿ. ನೀವೇ ತುಂಬಿ ಇಲಾಖೆ ಡಬ್ಬಕ್ಕೆ ಹಾಕಿದ್ರೆ ಯಾರೂ ತಡೆಯಲ್ಲ. ಆದರೆ ಒಂದು ಗೊತ್ತಿರಲಿ. ಕೆಳಗೆ ಸಹಿ ಹಾಕಿದ್ರೆ ‘ಈ ಮುರಿದ ಮೂಳೆಯೆಲ್ಲಾ ನನ್ನವು’ ಅಂತ ಪ್ರಮಾಣ ಮಾಡಿದ ಹಾಗೆ. ನಾಳೆ ಯಾವ ಕೋರ್ಟಲ್ಲೂ ‘ಅಲ್ಲ, ಅವು ನಮ್ಮಕ್ಕನವು’ ಅನ್ನೋಕಾಗಲ್ಲ.”

“ನಿಜ ಹೇಳಿದ್ರೆ?”

“ದುಡ್ಡಿಲ್ಲ. ಕಾರ್ಡು ಬೇರೆಯವರಿಗೆ ಕೊಟ್ಟಿದ್ದಕ್ಕೆ ಲಾಂಡ್ರಿಯವರು ಸುಮ್ಮನಿರ್ತಾರಾ?”

ಇರುವುದಿಲ್ಲ. ಖಾಲಿ ಪತ್ರ ಮಡಚಿ ತಂದೆ.

ಫೆಬ್ರವರಿ ೧೯, ಗುರುವಾರ

ಐದು ದಿನ ಯೋಚಿಸಿದೆ. ವಕೀಲರಿಲ್ಲದೆ ಹೋದರೆ ಗುಬ್ಬಿ ಅವನ ಮನೆಗೆ ಹೋಗುವುದು ಖಂಡಿತ. ಪತ್ರ ತುಂಬಿದೆ. ಕಿವಿ ನನ್ನದು, ಪಕ್ಕೆ ನನ್ನದು, ದವಡೆ ನನ್ನದು ಎಂದು ಒಂದೊಂದು ಸಾಲಿನಲ್ಲೂ ಬರೆದೆ. ಸಹಿ ಹಾಕಿದೆ. ನಾಡಿದ್ದು ಡಬ್ಬಕ್ಕೆ ಹಾಕುತ್ತೇನೆ.

ಊಟ ಸೇರಲಿಲ್ಲ.

ಫೆಬ್ರವರಿ ೨೦, ಶುಕ್ರವಾರ

ಬಲಗೈ ಸರಿಯಿದೆ, ಬರೆಯಬಲ್ಲೆ.

ಹನ್ನೊಂದರ ಸುಮಾರಿಗೆ ಅವನು ಲಾಂಡ್ರಿಯ ಸಾಮಾನು ಇಳಿಸುವ ಬಾಗಿಲಿನಿಂದ ಒಳಗೆ ಬಂದ. ನಾನು ಉರುಳೆ ಇಸ್ತ್ರಿಯ ಮುಂದಿದ್ದೆ. ಹಾಸನ್ನು ಬಾಯಿಗೆ ಕೊಟ್ಟರೆ ಕಾದ ಉರುಳೆ ಎಳೆದುಕೊಂಡು ಆ ಕಡೆ ಬಿಡುವ ಯಂತ್ರ ಅದು. ಮಗಳನ್ನು ನನ್ನಿಷ್ಟದಿಂದ ಒಪ್ಪಿಸುತ್ತೇನೆ ಎಂದು ಬರೆದ ಕಾಗದ ತಂದಿದ್ದ.

“ಹಾಕು ಸಹಿ.”

“ಆಗಲ್ಲ.”

“ನಿಮ್ಮಕ್ಕನೂ ಹಿಂಗೇ ಅಂತಿದ್ಲು.”

ಎಡಗೈ ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ಒಳಗೆ ಏನೋ ಲಟಕ್ ಎಂದಿತು. ಕೂದಲು ಹಿಡಿದು ಮುಖವನ್ನು ಕಬ್ಬಿಣದ ಮೇಜಿಗೆ ಕುಟ್ಟಿದ. ಎರಡನೆಯ ಸಲ ಕುಟ್ಟಿದಾಗ ಹಲ್ಲಿನ ಚೂರು ನಾಲಿಗೆಗೆ ಸಿಕ್ಕಿತು. ಕಣ್ಣಿಗೆ ರಕ್ತ ಇಳಿಯಿತು. ಬಿಳಿ ಹಾಸಿನ ಮೇಲೆ ಹನಿ ಬೀಳುತ್ತಿದ್ದದ್ದು ಕಂಡು, ಅಯ್ಯೋ ಮತ್ತೆ ಒಗೆಯಬೇಕಲ್ಲ ಎಂದು ಅನ್ನಿಸಿತು. ಆಗ ಅವನು ಕಿವಿಯ ಹತ್ತಿರ ಬಾಯಿ ತಂದು, “ಗುಬ್ಬೀದು ಕತ್ತು ನಿಂಗಿಂತ ಸಣ್ಣದು” ಎಂದ.

ಮೂರನೆಯ ಸಲಕ್ಕೆ ಬಲ ಬೇಕು ಎಂದು ಅವನು ಬಲಗೈಯನ್ನು ಯಂತ್ರದ ಅಂಚಿಗೆ ಊರಿದ. ನನ್ನ ಬಲಗೈ ಬಿಡುವಾಗಿತ್ತು. ಅವನ ಮಣಿಕಟ್ಟು ಹಿಡಿದು ಉರುಳೆಯ ಮೇಲೆ ಒತ್ತಿದೆ. ಮೈಯ ಭಾರವೆಲ್ಲ ಹಾಕಿ ಒತ್ತಿದೆ. ಅವನು ಕೂಗಿದ ಸದ್ದು ನನಗೆ ದೂರದಿಂದ ಕೇಳಿಸಿತು. ನಾನು ಎಣಿಸುತ್ತಿದ್ದೆ. ನಾಲ್ಕಕ್ಕೆ ಮೈಕ್ ಓಡಿ ಬಂದು ಕೆಂಪು ಗುಂಡಿ ಒತ್ತಿದಳು. ಅವಳು ಹಾಕಿದ ಬೊಬ್ಬೆಗೆ ಮೂರು ಬೀದಿಯ ಜನ ಸೇರಿದರು. ಚರ್ಮ ಹಾಲಿನ ಕೆನೆಯ ಹಾಗೆ ಉರುಳೆಗೆ ಅಂಟಿಕೊಂಡಿತ್ತು.

ಅವನನ್ನು ಆಸ್ಪತ್ರೆಗೆ ಒಯ್ದರು. ನನಗೆ ಯಾರೋ ನೀರು ಕೊಟ್ಟರು, ಕುಡಿದೆ. ಮೂರು ಗಂಟೆಗೆ ಹೋಗಿ ಗುಬ್ಬಿಯನ್ನು ಶಾಲೆಯಿಂದ ಕರೆತಂದೆ. ಬಹಳ ದಿನದ ಮೇಲೆ ಹಸಿವಾಯಿತು.

ಫೆಬ್ರವರಿ ೨೧, ಶನಿವಾರ

ಕೈ ಊದಿತ್ತು. ಗುಬ್ಬಿಯನ್ನು ಮೈಕ್ ಮನೆಯಲ್ಲಿ ಬಿಟ್ಟು ಅದೇ ಆಸ್ಪತ್ರೆಗೆ, ಅದೇ ಕಾರ್ಡು ಹಿಡಿದು ಹೋದೆ. ಡಬ್ಬಕ್ಕೆ ಹಾಕಬೇಕಾದ ಪತ್ರ ಚೀಲದಲ್ಲೇ ಇತ್ತು. ಎಕ್ಸ್‌ರೇ ತೆಗೆದರು. ವೈದ್ಯ ಇನ್ನೂ ಎಳೆಯ ಹುಡುಗ. ಎಕ್ಸ್‌ರೇ ನೋಡಿದ, ಕಂಪ್ಯೂಟರ್ ನೋಡಿದ, ಮತ್ತೆ ಎಕ್ಸ್‌ರೇ ನೋಡಿದ.

“ನರ ಎಳೆದಿದೆ, ಮುರಿದಿಲ್ಲ. ಆದರೆ ಅಮ್ಮ, ಮೂರು ವರ್ಷದ ಹಿಂದೆ ಈ ಕೈಗೆ ಪಟ್ಟಿ ಹಾಕಿದ್ದಾರೆ ಅಂತಿದೆ ಇಲ್ಲಿ. ಐದು ಸ್ಕ್ರೂ. ಎಲ್ಲಿ ಹೋಯ್ತು?”

ಚಿತ್ರವನ್ನು ನನ್ನ ಕಡೆ ತಿರುಗಿಸಿದ. ನನ್ನ ಕೈಯ ಮೂಳೆಗಳು. ಒಂದು ಗೀರೂ ಇಲ್ಲದೆ ನೆಟ್ಟಗಿದ್ದವು. ನನಗೆ ನಾಚಿಕೆಯಾಯಿತು. ಆರು ವರ್ಷ ಅಕ್ಕನ ಮೈಯನ್ನು ನನ್ನ ಹೆಸರಿನಲ್ಲಿ ಮುರಿಸುತ್ತಾ ನಾನು ಇಷ್ಟು ಗಟ್ಟಿಯಾಗಿ ಉಳಿದಿದ್ದೆ.

“ಅದು ನಮ್ಮಕ್ಕನ ಕೈಯಲ್ಲಿತ್ತು. ಕಾರ್ಡು ನನ್ನದು, ಕೈ ಅವಳದು. ನಾನು ಹೇಳಿದ ಹಾಗೇ ಬರೀರಿ” ಎಂದೆ.

“ಬರೆದರೆ ನಿಮಗೇ ತೊಂದರೆ.”

“ಬರೀರಿ ಡಾಕ್ಟ್ರೇ.”

ಈಗಿನ ಪೆಟ್ಟು ಹೇಗಾಯಿತು ಎಂದು ಕೇಳಿದ. ಅವನ ಹೆಸರು, ಅಂಗಡಿಯ ವಿಳಾಸ ಎರಡನ್ನೂ ಹೇಳಿದೆ. ಸಹಿ ಹಾಕಿದ್ದ ತೆರಿಗೆ ಪತ್ರವನ್ನು ಅಲ್ಲೇ ಕಸದ ಬುಟ್ಟಿಗೆ ಹರಿದು ಹಾಕಿದೆ. ಒಂದು ಕೈಯಲ್ಲಿ ಹರಿಯುವುದು ಕಷ್ಟ, ಹಲ್ಲಿನಲ್ಲಿ ಕಚ್ಚಿಕೊಂಡೆ.

ಫೆಬ್ರವರಿ ೨೬, ಗುರುವಾರ

ಲಾಂಡ್ರಿಯ ಕೆಲಸ ಹೋಯಿತು. ಆಸ್ಪತ್ರೆಯಿಂದ ಸುದ್ದಿ ಹೋಗಿ, ಕಂಪನಿ ಕಟ್ಟಿದ ಅರ್ಧವನ್ನು ನಾನು ಕಂತಿನಲ್ಲಿ ತೀರಿಸಬೇಕು ಎಂದಿದ್ದಾರೆ. ಸರಿ. ಶಾಲೆ ಗುಡಿಸುವ ಕೆಲಸ ಇದೆ. ಕೈ ಸುಟ್ಟಳೆಂದು ಅವನು ನನ್ನ ಮೇಲೆ ದೂರು ಕೊಟ್ಟಿದ್ದಾನೆ.

ಆಸ್ಪತ್ರೆಯಿಂದ ನೇರ ವಕೀಲರ ಹತ್ತಿರ ಹೋಗಿ ಎಲ್ಲ ಹೇಳಿದ್ದೆ, ಅವರು ಅಕ್ಕನ ಮರಣೋತ್ತರ ವರದಿ ತರಿಸಿದ್ದರು. ‘ಎಡ ಮಣಿಕಟ್ಟಿನಲ್ಲಿ ಹಳೆಯ ಲೋಹದ ಪಟ್ಟಿ, ಐದು ಸ್ಕ್ರೂ’ ಎಂದು ಅದರಲ್ಲಿದೆ. ಅದನ್ನು ಯಾರು, ಯಾವಾಗ, ಯಾಕೆ ಹಾಕಿದರು ಎಂದು ಆಗ ಒಬ್ಬರೂ ಕೇಳಿರಲಿಲ್ಲ. ವರದಿ, ನನ್ನ ಹೆಸರಿನ ರಸೀದಿ, ನನ್ನ ಎಕ್ಸ್‌ರೇ, ಮೂರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ವಕೀಲರು ಒಂದೊಂದರ ಮೇಲೂ ಬೆರಳಿಟ್ಟು ನೋಡಿದರು.

“ಶುಲ್ಕ ತಿಂಗಳಿಗಿಷ್ಟು ಅಂತ ಕೊಡಿ” ಎಂದರು. ಆಮೇಲೆ, “ಅವನ ಕೈ ಬಗ್ಗೆ ಕೇಳೇ ಕೇಳ್ತಾರೆ. ನೂಕಾಟದಲ್ಲಿ ಜಾರಿ ಯಂತ್ರಕ್ಕೆ ತಗಲಿತು ಅಂದುಬಿಡಿ. ಬೇರೆ ಥರ ಹೇಳಿದ್ರೆ, ಸುಡೋ ಹೆಂಗಸಿನ ಹತ್ರ ಮಗು ಬಿಡ್ತೀರಾ ಅಂತಾರೆ.”

ಮಾರ್ಚ್ ೧೨, ಗುರುವಾರ

ಅವನು ಬ್ಯಾಂಡೇಜು ಸುತ್ತಿದ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎದೆಯ ಮೇಲಿಟ್ಟುಕೊಂಡು ಬಂದಿದ್ದ. ಗುಬ್ಬಿ ಹೊರಗೆ ಬೆಂಚಿನ ಮೇಲೆ ಮೈಕ್ ಜೊತೆ ಕೂತಿದ್ದಳು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ.

ಅವನ ವಕೀಲ, ಅಕ್ಕನ ಹೆಸರಿನಲ್ಲಿ ಆರು ವರ್ಷದಲ್ಲಿ ಒಂದು ಆಸ್ಪತ್ರೆ ದಾಖಲೆಯೂ ಇಲ್ಲ, ಎಂಥ ಸುಖದ ಸಂಸಾರ ಎಂದ. ನಮ್ಮ ವಕೀಲರು ಮೂರು ಕಾಗದವನ್ನೂ ನ್ಯಾಯಾಧೀಶರ ಮುಂದಿಟ್ಟರು. ನ್ಯಾಯಾಧೀಶರು ವಯಸ್ಸಾದ ಹೆಂಗಸು. ಬಹಳ ಹೊತ್ತು ಓದಿದರು. ಅವನು ಒಂದು ಸಲ ಕೆಮ್ಮಿದ.

ಆಮೇಲೆ ಅವನ ವಕೀಲ ನನ್ನ ಕಡೆ ತಿರುಗಿದ. “ಇವರ ಕೈ ಸುಟ್ಟಿದ್ದು ಹೇಗೆ? ಜಾರಿ ತಗಲಿತೋ, ನೀವು ಬೇಕಂತ ಸುಟ್ರೋ?”

ಜಾರಿತು ಅಂದರೆ ಮುಗಿಯುತ್ತಿತ್ತು. ನಮ್ಮ ವಕೀಲರು ನನ್ನನ್ನೇ ನೋಡುತ್ತಿದ್ದರು. ಆ ಮೂವತ್ತೊಂದು ರಸೀದಿಗಳಲ್ಲಿ ಬರೆಸಿದ ‘ಬಿದ್ದೆ’ ಎಂಬಂಥ ಸುಳ್ಳನ್ನೇ ನಾನೂ ಹೇಳಿದರೆ, ಇವರು ಯಾವುದನ್ನು ನಂಬಬೇಕು?

“ಜಾರಲಿಲ್ಲ. ನಾನೇ ಹಿಡಿದು ಒತ್ತಿದೆ. ನಾಲ್ಕು ಎಣಿಸೋವರೆಗೂ ಒತ್ತಿದೆ. ಅವನು ಮಗುವಿನ ಕತ್ತಿನ ವಿಷಯ ಎತ್ತಿದ್ದ. ಯಂತ್ರ ನಿಲ್ಲಿಸದೇ ಇದ್ದಿದ್ರೆ ಐದೂ ಎಣಿಸ್ತಿದ್ದೆ.”

ವಕೀಲರು ಕಣ್ಣು ಮುಚ್ಚಿಕೊಂಡರು. ಗುಬ್ಬಿ ಕೈತಪ್ಪಿ ಹೋದಳು ಎಂದುಕೊಂಡೆ.

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. “ಅದಕ್ಕೆ ನಿಮ್ಮ ಮೇಲೆ ಕೇಸು ನಡೆಯುತ್ತೆ, ಗೊತ್ತಲ್ಲ?”

“ಗೊತ್ತು.”

ಸಾವಿನ ಪ್ರಕರಣವನ್ನು ಪೊಲೀಸರು ಮತ್ತೆ ತೆರೆಯಬೇಕು, ಅದು ಮುಗಿಯುವವರೆಗೆ ಮಗು ಚಿಕ್ಕಮ್ಮನ ಬಳಿ ಇರಬೇಕು, ತಂದೆ ಹತ್ತಿರ ಸುಳಿಯಬಾರದು ಎಂದು ಬರೆಸಿದರು. ಮುಗಿಯುವವರೆಗೆ ಅಷ್ಟೆ. ನೋಡಿದವರು ಯಾರೂ ಇಲ್ಲದಿದ್ದರೆ ಈ ಕಾಗದಗಳು ಎಷ್ಟು ದಿನ ತಡೆಯುತ್ತವೋ ಹೇಳಲಾರೆ ಎಂದರು ವಕೀಲರು.

ಬಸ್ಸಿನಲ್ಲಿ ಗುಬ್ಬಿ ಕೇಳಿದಳು: “ಚಿಕ್ಕೀ, ಜಾರಿತು ಅಂತ ಯಾಕೆ ಹೇಳಲಿಲ್ಲ?”

“ಜಾರಿರಲಿಲ್ಲ.”

ಕಿಟಕಿಯ ಕಡೆ ತಿರುಗಿಕೊಂಡಳು.

ಮಾರ್ಚ್ ೧೪, ಶನಿವಾರ

ಗುಬ್ಬಿಯನ್ನೂ ಕರೆದುಕೊಂಡು ಗ್ರಂಥಾಲಯಕ್ಕೆ ಹೋದೆ. ಬಸ್ ಚಾರ್ಜು, ಶೂ, ಚಂದಾ, ಸೋಪು ಎಲ್ಲ ಸೇರಿ ಎರಡು ಸಾವಿರದ ಮುನ್ನೂರು ವಾಪಸು ಬರುತ್ತದಂತೆ. “ನಿಮ್ಮದೇ ದುಡ್ಡು, ಸಂಕೋಚಪಟ್ಕೋಬೇಡಿ” ಎಂದರು ಗುಮಾಸ್ತರು. ಬಾಯಲ್ಲಿ ಮುರಿದ ಹಲ್ಲು ಕಂಡರೂ ಕೇಳಲಿಲ್ಲ. “ಹಲ್ಲಿನ ರಸೀದಿ ಇಟ್ಕೊಳ್ಳಿ, ಮುಂದಿನ ವರ್ಷಕ್ಕೆ ಬರುತ್ತೆ” ಎಂದರು.

ನ್ಯಾಯಾಲಯದ ಆದೇಶ ತೋರಿಸಿದೆ. ಅವಲಂಬಿತರ ಪತ್ರ ತೆಗೆದು ಗುಬ್ಬಿಯ ಹೆಸರು, ವಯಸ್ಸು, ಸಂಬಂಧ ಬರೆದುಕೊಂಡರು. “ಯಾವ ದಿನದಿಂದ ನಿಮ್ಮ ಜೊತೆ ಇದ್ದಾಳೆ?”

ನಾನು ಬಾಯಿ ತೆರೆಯುವ ಮೊದಲೇ ಗುಬ್ಬಿ ಹೇಳಿದಳು.

“ಜನವರಿ ಹನ್ನೊಂದು. ಅವತ್ತು ಬೆಳಿಗ್ಗೆ ಅಪ್ಪ ಅಮ್ಮನ ತಲೆಯನ್ನ ಗೋಡೆಗೆ ಕುಟ್ಟಿದರು. ಮೂರು ಸಲ. ಅಮ್ಮ ನನ್ನ ಕಡೆ ನೋಡಿ ಹೋಗು ಅಂತ ಕೈ ಮಾಡಿದಳು. ಆಮೇಲೆ ಕಾಲು ಹಿಡಿದು ಮೆಟ್ಟಿಲ ಹತ್ರ ಎಳೆದುಕೊಂಡು ಹೋಗಿ ತಳ್ಳಿದರು. ನಾನು ನಿದ್ದೆ ಮಾಡ್ತಿರಲಿಲ್ಲ. ಶೂ ಹಾಕ್ಕೋತಿದ್ದೆ.”

ಹಿಂದೆ ಸಾಲಿನಲ್ಲಿ ಯಾರದೋ ಕೈಯಿಂದ ಚಿಲ್ಲರೆ ಬಿತ್ತು, ಹೆಕ್ಕಲಿಲ್ಲ. ನಾನು ಗುಬ್ಬಿಯ ಕಡೆ ಕೈ ಚಾಚಿದೆ, ಮುಟ್ಟಲು ಧೈರ್ಯ ಬರಲಿಲ್ಲ.

ಗುಮಾಸ್ತರು ಅವಲಂಬಿತರ ಪತ್ರವನ್ನು ಪಕ್ಕಕ್ಕಿಟ್ಟು ಒಂದು ಬಿಳಿ ಹಾಳೆ ಎಳೆದುಕೊಂಡರು. ತಾರೀಖು ಬರೆದರು, ಗಡಿಯಾರ ನೋಡಿ ಸಮಯ ಬರೆದರು. “ನಿಧಾನಕ್ಕೆ ಹೇಳು ಪುಟ್ಟ. ನೀನು ಹೇಳಿದ ಹಾಗೇ ಬರ್ಕೋತೀನಿ. ಒಂದು ಅಕ್ಷರ ನಂದು ಸೇರಿಸಲ್ಲ. ವಕೀಲರ ಮುಂದೆ, ಪೊಲೀಸರ ಮುಂದೆ ಇನ್ನೊಂದ್ಸಲ ಹೇಳಬೇಕಾಗುತ್ತೆ, ಆಯ್ತಾ?”

“ಹೂಂ.”

ಎರಡು ಪುಟವಾಯಿತು. ಸಾಲಿನಲ್ಲಿದ್ದ ಇಬ್ಬರು ತಾವಾಗಿಯೇ ಮುಂದೆ ಬಂದು ಕೇಳಿದವರೆಂದು ಸಹಿ ಹಾಕಿದರು. ಕೊನೆಗೆ ಗುಮಾಸ್ತರು ಹಾಳೆಯನ್ನು ಗುಬ್ಬಿಯ ಕಡೆ ತಿರುಗಿಸಿ ಪೆನ್ನು ಕೊಟ್ಟರು. “ಕೆಳಗೆ ಹೆಸರು ಬರಿ.”

ಗುಬ್ಬಿ ನನ್ನ ಮುಖ ನೋಡಿದಳು. “ಯಾರ ಹೆಸರು?”

“ನಿನ್ನದೇ” ಎಂದೆ.